ಒಳಲೆ ಅಟ್ಟದ ಮೇಲೇ ಇರಲಿ

ಬಾಣಂತನಕ್ಕೆ ತವರಿಗೆ ಹೊರಟಿದ್ದೀಯ. ಎಣ್ಣೆನೀರು, ಬೆಳ್ಳುಳ್ಳಿ ಸಾರು, ಮೆಂತ್ಯದುಂಡೆ ಎಲ್ಲ ನಡೆಯಲಿ, ನನ್ನ ತಕರಾರಿಲ್ಲ. ಒಂದು ವಿಷಯಕ್ಕೆ ಮಾತ್ರ ಗಟ್ಟಿಯಾಗಿ ನಿಲ್ಲು ಮಗಳೇ. ಆರು ತಿಂಗಳು ತುಂಬುವವರೆಗೆ ಮಗುವಿನ ಬಾಯಿಗೆ ನಿನ್ನ ಹಾಲು ಮತ್ತು ಡಾಕ್ಟರು ಬರೆದುಕೊಟ್ಟ ಔಷಧಿ ಬಿಟ್ಟು ಬೇರೇನೂ ಹೋಗಬಾರದು. ಬೇಸಿಗೆಯಾದರೂ ಅಷ್ಟೇ, ನೀರು ಕೂಡ ಬೇಡ. ನಿನ್ನ ಹಾಲಿನಲ್ಲಿ ಬಹುಪಾಲು ಇರುವುದೇ ನೀರು.

ಹೆರಿಗೆಯಾದ ಗಂಟೆಯೊಳಗೆ ಮಗುವನ್ನು ಎದೆಗೆ ಹಾಕಿಕೋ. ಮೊದಲು ಬರುವ ಹಳದಿ ಗಿಣ್ಣುಹಾಲನ್ನು ಹಿಂಡಿ ಚೆಲ್ಲು ಅನ್ನುವವರು ಇನ್ನೂ ಇದ್ದಾರೆ. ಚೆಲ್ಲಬೇಡ. ಬರುವುದೇ ಚಮಚದ ಲೆಕ್ಕದಲ್ಲಿ, ಆದರೆ ಅದರ ತುಂಬ ಐಜಿಎ ಎಂಬ ಪ್ರತಿಕಾಯವಿರುತ್ತದೆ. ನಿನ್ನ ಮೈ ಇಷ್ಟು ವರ್ಷ ಎದುರಿಸಿದ ರೋಗಾಣುಗಳನ್ನು ಗುರುತು ಹಿಡಿದು, ಮಗುವಿನ ಕರುಳಿನಲ್ಲಿ ಅವು ನೆಲೆಯೂರದಂತೆ ತಡೆಯುವುದು ಅದರ ಕೆಲಸ. ಹಾಲಿನಲ್ಲಿ ಮಗುವಿಗೆ ಜೀರ್ಣವಾಗದ ಒಂದು ಬಗೆಯ ಸಕ್ಕರೆಯೂ ಇದೆ. ಅದು ಕರುಳಿನೊಳಗಿನ ಒಳ್ಳೆಯ ಬ್ಯಾಕ್ಟೀರಿಯಾಗಳ ಊಟ. ಅವು ಬೆಳೆದಷ್ಟೂ ಭೇದಿ ತರುವ ಕ್ರಿಮಿಗಳಿಗೆ ಜಾಗ ಕಡಿಮೆ.

ಬೆಲರೂಸ್ ದೇಶದಲ್ಲಿ 1990ರ ದಶಕದಲ್ಲಿ 17,000 ಮಕ್ಕಳನ್ನು ವರ್ಷವಿಡೀ ಗಮನಿಸಿದರು. ಎದೆಹಾಲು ಕುಡಿಸಲು ತಾಯಂದಿರಿಗೆ ಒತ್ತಾಸೆಯಾಗಿ ನಿಂತ ಆಸ್ಪತ್ರೆಗಳ ಮಕ್ಕಳಲ್ಲಿ ನೂರಕ್ಕೆ 9 ಮಂದಿಗೆ ಹೊಟ್ಟೆಯ ಸೋಂಕು ಬಂತು, ಉಳಿದ ಕಡೆ 13 ಮಂದಿಗೆ. ಶುದ್ಧ ನೀರಿರುವ ಊರುಗಳಲ್ಲೇ ಇಷ್ಟು ವ್ಯತ್ಯಾಸವಿದ್ದರೆ, ನಮ್ಮ ಓವರ್‌ಹೆಡ್ ಟ್ಯಾಂಕಿನ ನೀರನ್ನು ನೆನೆಸಿಕೋ.

ಅಮ್ಮ ಪ್ರೀತಿಯಿಂದ ಅಟ್ಟದಿಂದ ಬೆಳ್ಳಿ ಒಳಲೆ ಇಳಿಸುತ್ತಾಳೆ. ಅದರ ಮೂತಿಯ ಸಂದಿಗೆ ಒಮ್ಮೆ ಬೆರಳಿಟ್ಟು ನೋಡು. ಎಷ್ಟು ತಿಕ್ಕಿದರೂ ಜಿಡ್ಡು ಉಳಿದಿರುತ್ತದೆ. ಹಾಲಿನ ಬಾಟಲಿಯ ನಿಪ್ಪಲ್ಲೂ ಹಾಗೇ, ಒಳಗಿನ ಅಂಚನ್ನು ಮೂಸಿದರೆ ಹುಳಿ ವಾಸನೆ ಬರುತ್ತದೆ. ಬಜೆ ತೇಯುವ ಕಲ್ಲು, ಸಕ್ಕರೆ ನೀರು, ಗ್ರೈಪ್ ವಾಟರ್ ಯಾವುದೂ ಬೇಡ. ಜೇನಂತೂ ವರ್ಷ ತುಂಬುವವರೆಗೆ ನೆಕ್ಕಿಸಲೇಬಾರದು. ಅದರಲ್ಲಿರಬಹುದಾದ ಬೊಟುಲಿಸಂ ಬೀಜಾಣು ಎಳೆಗರುಳಿನಲ್ಲಿ ಮೊಳೆತು ವಿಷವಾಗುತ್ತದೆ.

ಇನ್ನೊಂದು ಮಾತು. ಎದೆಹಾಲು ಕುಡಿಯುವ ಕೂಸು ದಿನಕ್ಕೆ ಏಳೆಂಟು ಸಲ, ನೆನೆದ ಸಾಸಿವೆ ಕಲಸಿದಂತೆ ಹಳದಿಯಾಗಿ, ತೆಳ್ಳಗೆ ಕಕ್ಕ ಮಾಡುತ್ತದೆ. ಇದನ್ನೇ ಭೇದಿ ಎಂದು ಹೆದರಿ ಹಾಲು ಬಿಡಿಸಿದ ಮನೆಗಳಿವೆ. ಮಗು ಚುರುಕಾಗಿದ್ದು, ದಿನಕ್ಕೆ ಆರು ಸಲವಾದರೂ ಉಚ್ಚೆ ಹೊಯ್ದು, ತೂಕ ಏರುತ್ತಿದ್ದರೆ ಎಲ್ಲ ಸರಿಯಿದೆ. ನಿಜವಾಗಿಯೂ ನೀರಾಗಿ ಭೇದಿಯಾದರೆ ಆಗಂತೂ ಹಾಲು ನಿಲ್ಲಿಸಲೇಬೇಡ, ಹೆಚ್ಚು ಸಲ ಕುಡಿಸುತ್ತ ಡಾಕ್ಟರ ಬಳಿ ಹೋಗು. ಓಆರ್‌ಎಸ್, ಜಿಂಕ್ ಎಷ್ಟೆಂದು ಅವರೇ ಹೇಳುತ್ತಾರೆ. ನೆತ್ತಿ ಗುಳಿ ಬಿದ್ದರೆ, ಕಕ್ಕದಲ್ಲಿ ರಕ್ತ ಕಂಡರೆ, ಮಗು ಚೀಪದೆ ಮಂಕಾದರೆ ರಾತ್ರಿಯೋ ಹಗಲೋ ನೋಡದೆ ಓಡು. ರೋಟಾವೈರಸ್ ಹನಿಯನ್ನೂ ಆರು, ಹತ್ತು, ಹದಿನಾಲ್ಕನೇ ವಾರಕ್ಕೆ ತಪ್ಪಿಸಬೇಡ.

ಕಾಯಿಲೆಯಿಂದಲೋ ಬೇರೆ ಕಾರಣದಿಂದಲೋ ಹಾಲು ಕೊಡಲಾಗದಿದ್ದರೆ ನಿನ್ನನ್ನು ನೀನು ಹಳಿದುಕೊಳ್ಳಬೇಡ. ಡಾಕ್ಟರು ಹೇಳಿದ ಪುಡಿಹಾಲನ್ನು ಕುದಿಸಿದ ನೀರಿನಲ್ಲಿ ಆಗಿಂದಾಗ್ಗೆ ಕಲಸಿ ಲೋಟದಲ್ಲೋ ಚಮಚದಲ್ಲೋ ಕುಡಿಸಿದರಾಯಿತು.

ಅಮ್ಮನಿಗೂ ಅತ್ತೆಗೂ ಇದನ್ನೆಲ್ಲ ಫೋನಿನಲ್ಲಿ ನಾನೇ ಹೇಳುತ್ತೇನೆ. ಹಸಿಬಾಣಂತಿಯಾಗುವವಳು ನೀನು, ಅವರೊಂದಿಗೆ ವಾದಕ್ಕೆ ಕೂರಬೇಡ.