ಜೀವರಕ್ಷಕ ದೋಣಿಯ ಸಿದ್ಧತೆ

ಬ್ರಿಟನ್ನಿನ ಕಡಲತೀರದ ಒಂದು ಬಂದರು. ಮುಳುಗುತ್ತಿದ್ದ ಮೀನುದೋಣಿಯ ಜನರನ್ನು ಪಾರುಮಾಡಿ ಜೀವರಕ್ಷಕ ದೋಣಿಯು ನಡುರಾತ್ರಿಯಲ್ಲಿ ದಡಕ್ಕೆ ಮರಳುತ್ತದೆ. ಬದುಕಿ ಬಂದವರಿಗೆ ಕಂಬಳಿ ಹೊದಿಸಿ ಕರೆದೊಯ್ಯುತ್ತಾರೆ. ನೆರೆದ ಜನ ಚದುರುತ್ತಾರೆ. ನಾವಿಕರಿಗೆ ಮಾತ್ರ ಇನ್ನೂ ಬಿಡುವಿಲ್ಲ. ಮುಂದಿನ ಕರೆ ನಾಳೆ ಬಂದೀತು, ಅರ್ಧ ಗಂಟೆಯಲ್ಲಿಯೇ ಬಂದೀತು, ಬಲ್ಲವರಾರು? ತೊಯ್ದ ಉಡುಪಿನಲ್ಲಿಯೇ ಅವರು ದೋಣಿಯನ್ನು ಮತ್ತೆ ಸಜ್ಜುಗೊಳಿಸಬೇಕು. ಈ ಸೇವೆಯನ್ನು ನಡೆಸುತ್ತಿರುವ ರಾಯಲ್ ನ್ಯಾಷನಲ್ ಲೈಫ್‌ಬೋಟ್ ಇನ್‌ಸ್ಟಿಟ್ಯೂಷನ್ 1824ರಲ್ಲಿ ಸ್ಥಾಪಿತವಾಯಿತು. ಅದರ ದೋಣಿಗಳನ್ನೇರುವವರಲ್ಲಿ ಬಹುಮಂದಿ ಸ್ವಯಂಸೇವಕರು.

ಮೊದಲನೆಯ ಕೆಲಸ ಇಂಧನ ತುಂಬುವುದು. ಸೆವರ್ನ್ ವರ್ಗದ ದೋಣಿಯು 17 ಮೀಟರು ಉದ್ದವಿದ್ದು ಗಂಟೆಗೆ 25 ನಾವಿಕ ಮೈಲಿ ಓಡಬಲ್ಲದು. ಅದರ ತೊಟ್ಟಿಗಳು ಐದು ಸಾವಿರ ಲೀಟರಿಗೂ ಮಿಕ್ಕಿ ಡೀಸೆಲ್ ಹಿಡಿಯುತ್ತವೆ. ತುಂಬುವಾಗ ಎಂಜಿನ್ ನಿಂತಿರಬೇಕು. ಹತ್ತಿರದಲ್ಲಿ ಬೆಂಕಿ ಇರಬಾರದು. ಕೊಳವೆಯ ಬಾಯಿ ತೊಟ್ಟಿಯ ಲೋಹಕ್ಕೆ ತಾಗಿಕೊಂಡೇ ಇರಬೇಕು. ಇಲ್ಲವಾದರೆ ಎಣ್ಣೆ ಹರಿಯುವಾಗ ಹುಟ್ಟುವ ವಿದ್ಯುತ್ತು ಕಿಡಿಯಾಗಿ ಸಿಡಿದೀತು. ಡೀಸೆಲ್ಲಿಗಿಂತ ಪೆಟ್ರೋಲಿನ ದೋಣಿಗಳಲ್ಲಿ ಈ ಭಯ ಹೆಚ್ಚು. ಪೆಟ್ರೋಲಿನ ಆವಿ ಗಾಳಿಗಿಂತ ಭಾರವಾದುದರಿಂದ ದೋಣಿಯ ತಳದಲ್ಲಿ ಕಣ್ಣಿಗೆ ಕಾಣದೆ ಮಡುಗಟ್ಟುತ್ತದೆ.

ತೊಟ್ಟಿಯನ್ನು ಅರೆತುಂಬಿ ಬಿಡುವುದೂ ತರವಲ್ಲ. ಬರಿದಾದ ಜಾಗದಲ್ಲಿ ಸೇರಿದ ತೇವದ ಗಾಳಿಯು ರಾತ್ರಿಯ ಚಳಿಗೆ ಇಬ್ಬನಿಯಾಗಿ ಗೋಡೆಗಿಳಿಯುತ್ತದೆ. ನೀರು ಡೀಸೆಲ್ಲಿಗಿಂತ ಭಾರ. ಆದುದರಿಂದ ಅದು ಮೇಲೆ ತೇಲದೆ ಅಡಿಯಲ್ಲಿ ಕೂಡುತ್ತದೆ. ಎಂಜಿನ್ನಿಗೆ ಹೋಗುವ ದಾರಿಯಲ್ಲಿ ನೀರನ್ನು ಬೇರ್ಪಡಿಸುವ ಫಿಲ್ಟರ್ ಇರುತ್ತದೆ. ಅದರ ಕೆಳಗಿನ ನಲ್ಲಿಯನ್ನು ತಿರುಗಿಸಿ, ತಿಳಿಯಾದ ಎಣ್ಣೆ ಬರುವ ತನಕ ನೀರನ್ನು ಪಾತ್ರೆಗೆ ಬಸಿಯಬೇಕು. ಎರಡು ನಿಮಿಷದ ಕೆಲಸವೆಂದು ಇದನ್ನು ಅಲಕ್ಷಿಸುವಂತಿಲ್ಲ.

ಇಂಧನಕ್ಕೆ ನೀರು ಸೇರಿದರೆ ಏನಾಗುವುದೆಂಬುದನ್ನು 1981ರ ಡಿಸೆಂಬರ್ 19ರ ರಾತ್ರಿ ಇಂಗ್ಲೆಂಡಿನ ಕಾರ್ನ್‌ವಾಲ್ ತೀರದ ಜನ ಕಂಡರು. ಹಾಲೆಂಡಿನಿಂದ ಐರ್ಲೆಂಡಿಗೆ ಹೊರಟಿದ್ದ ಯೂನಿಯನ್ ಸ್ಟಾರ್ ಎಂಬ ಹೊಸ ಸರಕು ಹಡಗಿಗೆ ಅದು ಚೊಚ್ಚಲ ಯಾನ. ಇಂಧನಕ್ಕೆ ಸಮುದ್ರದ ನೀರು ಸೇರಿ ಅದರ ಎಂಜಿನ್ ನಿಂತುಹೋಯಿತು. ಚಂಡಮಾರುತವು ಅಸಹಾಯವಾದ ಹಡಗನ್ನು ಬಂಡೆಗಳ ಕಡೆಗೆ ತಳ್ಳಿತು. ಅದರಲ್ಲಿದ್ದವರು ಎಂಟು ಮಂದಿ. ಕಪ್ತಾನನ ಹೆಂಡತಿಯೂ ಆಕೆಯ ಇಬ್ಬರು ಹೆಣ್ಣುಮಕ್ಕಳೂ ಅವರಲ್ಲಿದ್ದರು. ಹೆಲಿಕಾಪ್ಟರಿನ ಯತ್ನ ಫಲಿಸಲಿಲ್ಲ. ಪೆನ್‌ಲೀ ಠಾಣ್ಯದಿಂದ ಸಾಲೊಮನ್ ಬ್ರೌನ್ ಎಂಬ ಮರದ ಜೀವರಕ್ಷಕ ದೋಣಿ ಎಂಟು ಸ್ವಯಂಸೇವಕರೊಡನೆ ಹೊರಟಿತು. ಎಲ್ಲರೂ ಮೌಸಲ್ ಎಂಬ ಒಂದೇ ಹಳ್ಳಿಯವರು. ಮನೆಯೆತ್ತರದ ಅಲೆಗಳ ನಡುವೆ ಅವರು ಮತ್ತೆ ಮತ್ತೆ ಹಡಗಿನ ಮಗ್ಗುಲಿಗೆ ಹೋದರು. ನಾಲ್ವರನ್ನು ಇಳಿಸಿಕೊಂಡಿರುವುದಾಗಿ ರೇಡಿಯೋದಲ್ಲಿ ತಿಳಿಸಿದರು. ಆಮೇಲೆ ದನಿ ಕೇಳಲಿಲ್ಲ. ಹದಿನಾರು ಮಂದಿಯಲ್ಲಿ ಒಬ್ಬರೂ ಉಳಿಯಲಿಲ್ಲ.

ಇನ್ನು ದೋಣಿಯ ತಳಕ್ಕೆ ಸೇರುವ ನೀರಿನ ಮಾತು. ಒಳನೆಲದ ಹಲಗೆಯ ಕೆಳಗೆ, ದೋಣಿಯ ಅತ್ಯಂತ ತಗ್ಗಿನ ಭಾಗಕ್ಕೆ ನಾವಿಕರು ಬಿಲ್ಜ್ ಎನ್ನುತ್ತಾರೆ. ಅಲೆಯ ಎರಚಲು, ಕೊಳವೆಗಳ ಸೋರಿಕೆ, ಎಂಜಿನ್ನಿನ ಜಿಡ್ಡು ಎಲ್ಲವೂ ಇಲ್ಲಿಗೆ ಇಳಿಯುತ್ತವೆ. ಒಂದು ಘನಮೀಟರು ಕಡಲನೀರಿನ ತೂಕ ಒಂದು ಸಾವಿರ ಕಿಲೋಗ್ರಾಮಿಗಿಂತ ತುಸು ಹೆಚ್ಚು. ಆ ಭಾರವು ಒಂದೆಡೆ ನಿಲ್ಲುವುದೂ ಇಲ್ಲ. ದೋಣಿ ಎತ್ತ ವಾಲಿದರೆ ಅತ್ತಲೇ ಹರಿದು ಅದನ್ನು ಮತ್ತಷ್ಟು ವಾಲಿಸುತ್ತದೆ.

ಪಂಪಿನ ಗುಂಡಿ ಒತ್ತಿದರೆ ನೀರು ಹೋಗುತ್ತದೆ, ನಿಜ. ಆದರೆ ಅನುಭವಿಯಾದ ಎಂಜಿನ್ ನಿರ್ವಾಹಕನು ಮೊದಲು ಹಲಗೆ ಎತ್ತಿ, ದೀಪ ಹಿಡಿದು ನೋಡುತ್ತಾನೆ. ನೀರು ಉಪ್ಪೋ ಸಿಹಿಯೋ? ಉಪ್ಪಾದರೆ ಕಡಲು ಒಳಬಂದ ಬಿರುಕನ್ನು ಹುಡುಕಬೇಕು. ಸಿಹಿಯಾದರೆ ಮಳೆಯದೋ ಕುಡಿಯುವ ನೀರಿನದೋ ಇರಬೇಕು. ಮೇಲೆ ಎಣ್ಣೆಯ ಬಣ್ಣದ ಪೊರೆ ಕಂಡರೆ ಅದನ್ನು ಬಂದರಿಗೆ ಚೆಲ್ಲಲಾಗದು. ಬೇರೆಯಾಗಿ ತುಂಬಿ ದಡಕ್ಕೆ ಕೊಡಬೇಕು. ಪಂಪಿನ ಬಾಯಿಗೆ ಹಾಕಿದ ಜಾಲರಿಯನ್ನೂ ತೊಳೆಯಬೇಕು. ಎಂಜಿನ್ ಒರಸಿ ಮರೆತ ಅಂಗೈಯಗಲದ ಚಿಂದಿಯೊಂದು ಅದಕ್ಕೆ ಅಂಟಿಕೊಂಡರೆ ಎಂಥ ಪಂಪಾದರೂ ಒಣಗಂಟಲಿನಲ್ಲಿ ಗೊರಗುಟ್ಟುವುದಷ್ಟೆ. ವಿದ್ಯುತ್ತು ಕೈಕೊಟ್ಟಾಗ ಬೇಕಾಗುವ ಕೈಪಂಪನ್ನು ನಾಲ್ಕು ಸಲ ಒತ್ತಿ ನೋಡಿ, ತೆರೆದ ಕವಾಟಗಳನ್ನೆಲ್ಲ ಮುಚ್ಚಬೇಕು.

ಕೆಲಸ ಮುಗಿದ ಮೇಲೆ ಚುಕ್ಕಾಣಿಗನು ಕರಾವಳಿ ಕಾವಲಿನವರಿಗೆ ದೋಣಿ ಸಿದ್ಧವೆಂದು ತಿಳಿಸುತ್ತಾನೆ. ತುಂಬಿದ ಡೀಸೆಲ್ ಎಷ್ಟು, ಹೊರಹಾಕಿದ ನೀರು ಎಷ್ಟು ಎಂದು ದಿನಚರಿಯಲ್ಲಿ ಬರೆದು, ಗಂಟೆಯನ್ನು ನಮೂದಿಸುತ್ತಾರೆ. ಆಮೇಲೆ ಒದ್ದೆ ಬೂಟುಗಳನ್ನು ಕಳಚುತ್ತಾರೆ.