ಜ್ಯೂರಿಯ ಪಂಚರನ್ನು ಆರಿಸುವ ಬಗೆ

ನಮ್ಮ ದೇಶದ ದಂಡನ್ಯಾಯಾಲಯಗಳಲ್ಲಿ ಜ್ಯೂರಿ ಎಂಬ ಪಂಚರ ಮಂಡಲಿಯು ಈಗ ಇಲ್ಲ. 1973ರ ದಂಡಪ್ರಕ್ರಿಯಾ ಸಂಹಿತೆಯಲ್ಲಿ ಅದಕ್ಕೆ ಎಡೆ ದೊರೆಯಲಿಲ್ಲ; 2024ರಲ್ಲಿ ಜಾರಿಗೆ ಬಂದ ಹೊಸ ಸಂಹಿತೆಯಲ್ಲಿಯೂ ಇಲ್ಲ. ಇಲ್ಲದುದನ್ನು ಪೌರನೀತಿಯ ಪಾಠದಲ್ಲಿ ಏಕೆ ಬೋಧಿಸುವಿರೆಂದು ಕೆಲವು ಪೋಷಕರು ನಮ್ಮನ್ನು ಕೇಳಿರುವುದುಂಟು. ಒಬ್ಬರ ಪ್ರಾಣವೂ ಮಾನವೂ ಇತರರ ತೀರ್ಮಾನಕ್ಕೆ ಒಳಗಾಗುವಾಗ, ಆ ಇತರರನ್ನು ಏನು ನೋಡಿ ಆರಿಸಬೇಕು? ಈ ಪ್ರಶ್ನೆಯನ್ನು ಎತ್ತಲು ಜ್ಯೂರಿಯ ಚರಿತ್ರೆಗಿಂತ ಒಳ್ಳೆಯ ಪಾಠವು ನಮಗೆ ದೊರೆತಿಲ್ಲ.

ಅಮೆರಿಕದಲ್ಲಿ ವಿಚಾರಣೆಗೆ ಮುನ್ನ ಉಭಯಪಕ್ಷದ ವಕೀಲರೂ ಪಂಚರಾಗಿ ಬಂದವರಲ್ಲಿ ಕೆಲವರನ್ನು ಕಾರಣ ಹೇಳದೆಯೇ ಬಿಡಿಸಬಹುದು. ದುರ್ಬಲರ ಪರವಾಗಿ ವಾದಿಸಿ ಪ್ರಖ್ಯಾತರಾದ ಕ್ಲಾರೆನ್ಸ್ ಡ್ಯಾರೋ ಎಂಬ ವಕೀಲರು 1936ರಲ್ಲಿ ಈ ಕುರಿತು ಒಂದು ಲೇಖನವನ್ನು ಬರೆದರು. ಆಪಾದಿತನ ಪರ ವಕೀಲನು ಐರಿಷ್ ಜನರನ್ನು ಉಳಿಸಿಕೊಳ್ಳಬೇಕು. ಪ್ರೆಸ್ಬಿಟೀರಿಯನ್ನರನ್ನೂ ಬ್ಯಾಪ್ಟಿಸ್ಟರನ್ನೂ ಕಳುಹಿಸಿಬಿಡಬೇಕು. ಹೆಂಗಸರು ಬೇಡವೇ ಬೇಡ ಎಂಬುದು ಅವರ ಬುದ್ಧಿವಾದ. (ಆ ಲೆಕ್ಕದಲ್ಲಿ ನಮ್ಮ ಉಪಾಧ್ಯಾಯಿನಿಯರಲ್ಲಿ ಒಬ್ಬರಿಗೂ ಪೀಠ ದೊರೆಯುತ್ತಿರಲಿಲ್ಲ!) ಹೆಂಗಸರ ವಿಷಯದಲ್ಲಿ ಕಾನೂನೇ ಹಾಗಿತ್ತು. ಇಂಗ್ಲೆಂಡಿನಲ್ಲಿ 1919ರ ಶಾಸನದ ತರುವಾಯವೇ ಅವರಿಗೆ ಈ ಅಧಿಕಾರವು ಬಂದಿತು. ನಮ್ಮಲ್ಲಿ 1898ರ ಸಂಹಿತೆಯು ಇಪ್ಪತ್ತೊಂದರಿಂದ ಅರವತ್ತು ವರ್ಷದೊಳಗಿನ ಗಂಡಸರನ್ನು ಮಾತ್ರ ಹೆಸರಿಸಿತ್ತು. ಅಮೆರಿಕದ ಸರ್ವೋಚ್ಚ ನ್ಯಾಯಾಲಯವು ವರ್ಣವನ್ನು ನೋಡಿ ಪಂಚರನ್ನು ಬಿಡಿಸಕೂಡದೆಂದು 1986ರಲ್ಲಿಯೂ, ಹೆಣ್ಣುಗಂಡೆಂಬುದನ್ನು ನೋಡಿ ಬಿಡಿಸಕೂಡದೆಂದು 1994ರಲ್ಲಿಯೂ ವಿಧಿಸಿತು.

ನಮ್ಮ ದೇಶದ ನಿದರ್ಶನವೊಂದನ್ನು ಸ್ವಲ್ಪ ವಿವರವಾಗಿ ನೋಡೋಣ. 1959ರಲ್ಲಿ ಮುಂಬಯಿಯಲ್ಲಿ ನೌಕಾಪಡೆಯ ಅಧಿಕಾರಿ ನಾನಾವತಿಯವರ ಮೇಲೆ ಕೊಲೆಯ ಮೊಕದ್ದಮೆಯು ನಡೆಯಿತು. ಅವರು ಪಾರ್ಸಿ, ಹತನಾದ ಪ್ರೇಮ್ ಅಹೂಜಾ ಸಿಂಧಿ. ಪಂಚರು ಒಂಬತ್ತು ಮಂದಿ: ಇಬ್ಬರು ಪಾರ್ಸಿಗಳು, ಒಬ್ಬ ಆಂಗ್ಲೋ-ಇಂಡಿಯನ್, ಒಬ್ಬ ಕ್ರೈಸ್ತ, ಐವರು ಹಿಂದೂಗಳು. ಎಂಟು ಮಂದಿ ನಿರ್ದೋಷಿಯೆಂದರು, ಒಬ್ಬರು ದೋಷಿಯೆಂದರು. ನ್ಯಾಯಾಧೀಶರು ಇದನ್ನು ಒಪ್ಪದೆ ಹೈಕೋರ್ಟಿಗೆ ಕಳುಹಿಸಿದರು. ಅಲ್ಲಿ ವಿಧಿಸಿದ ಜೀವಾವಧಿ ಶಿಕ್ಷೆಯನ್ನು ಸುಪ್ರೀಂ ಕೋರ್ಟು 1961ರಲ್ಲಿ ಎತ್ತಿಹಿಡಿಯಿತು. ಜಾತಿಯವರು ಜಾತಿಯವನನ್ನು ಬಿಡಿಸಿದರೆಂದು ಹೇಳುವುದು ಸುಲಭ. ಲೆಕ್ಕವನ್ನು ಮಾಡಿರಿ: ಇಬ್ಬರು ಪಾರ್ಸಿಗಳೂ ಬಿಡುಗಡೆಯ ಪರವಾಗಿದ್ದರೆಂದೇ ಇಟ್ಟುಕೊಂಡರೂ, ಉಳಿದ ಆರು ಮತಗಳು ಪಾರ್ಸಿಗಳಲ್ಲದವರವು. ಆ ದಿನಗಳಲ್ಲಿ 'ಬ್ಲಿಟ್ಜ್' ವಾರಪತ್ರಿಕೆಯು ಆಪಾದಿತನ ಪರವಾಗಿ ಬಹಳ ಅಬ್ಬರವನ್ನೆಬ್ಬಿಸಿತ್ತು. ನಿಮ್ಮ ಮತ ಯಾವುದೆಂಬುದಕ್ಕಿಂತ, ನೀವು ಯಾವ ಪತ್ರಿಕೆಯನ್ನು ಓದಿ ಏನು ನಂಬಿದ್ದೀರೆಂದು ಕೇಳುವುದು ಅಲ್ಲಿ ಹೆಚ್ಚು ಪ್ರಯೋಜನಕರವಾಗುತ್ತಿತ್ತೆಂದು ನಮ್ಮ ಅಭಿಪ್ರಾಯ.

ನಮ್ಮ ಒಂಬತ್ತನೆಯ ತರಗತಿಯಲ್ಲಿ ಇದನ್ನೇ ಅಭ್ಯಾಸವಾಗಿ ಕೊಡುತ್ತೇವೆ. ಹೊಸಕೋಟೆಯಲ್ಲಿ ಒಂದು ಕಳವಿನ ಮೊಕದ್ದಮೆ. ದೊಡ್ಡಬಳ್ಳಾಪುರದ ನೇಕಾರ, ದೇವನಹಳ್ಳಿಯ ಚಕ್ಕೋತದ ತೋಟದಾಕೆ, ನೆಲಮಂಗಲದ ಲಾರಿ ಚಾಲಕ ಮೊದಲಾದವರು ಪಂಚರಾಗಿ ಬಂದಿದ್ದಾರೆ. ಅವರನ್ನು ಏನು ಕೇಳುವಿರಿ? ಮಕ್ಕಳು ಮೊದಲು ಬರೆಯುವ ಪ್ರಶ್ನೆ, "ನೀವು ಯಾವ ಜನ?" ಅದನ್ನು ಹೊಡೆದುಹಾಕಿಸುತ್ತೇವೆ. ಬಳಿಕ ನಿಧಾನವಾಗಿ ಬೇರೆ ಪ್ರಶ್ನೆಗಳು ಹೊರಡುತ್ತವೆ: ನಿಮ್ಮ ಮನೆಯಲ್ಲಿ ಎಂದಾದರೂ ಕಳವಾಗಿದೆಯೆ? ಆಪಾದಿತನ ಪರಿಚಯವುಂಟೆ? ಪೋಲೀಸಿನವರು ಹಿಡಿದವನೆಲ್ಲ ಕಳ್ಳನೇ ಎಂದು ನಂಬಿರುವಿರಾ? ಕಳೆದ ಸಲ ಹಿಂದಿನ ಬೆಂಚಿನ ಹುಡುಗಿಯೊಬ್ಬಳು, "ಎಲ್ಲರೂ ಒಂದು ಕಡೆಯಾಗಿ ನೀವೊಬ್ಬರೇ ಇನ್ನೊಂದು ಕಡೆಯಾದರೆ ಏನು ಮಾಡುವಿರಿ?" ಎಂದು ಬರೆದಿದ್ದಳು. ಆ ಪ್ರಶ್ನೆಯನ್ನು ಈಗ ಪಾಠಕ್ಕೆ ಸೇರಿಸಿಕೊಂಡಿದ್ದೇವೆ.