ದಂಡಿನವನು ದೊರೆತನವನ್ನು ಪಡೆದ ಬಗೆ: 1761ರ ಮೈಸೂರಿನಿಂದ ಒಂದು ಚರಿತ್ರಪಾಠ

‘ಹೈದರಾಲಿಯು 1761ರಲ್ಲಿ ಮೈಸೂರು ರಾಜ್ಯದ ಅಧಿಕಾರವನ್ನು ವಶಪಡಿಸಿಕೊಂಡನು’ ಎಂಬ ವಾಕ್ಯವನ್ನು ಬರೆಯದೆ ನಮ್ಮ ಶಾಲೆಯನ್ನು ಬಿಟ್ಟುಹೋದ ವಿದ್ಯಾರ್ಥಿನಿಯು ಪ್ರಾಯಶಃ ಒಬ್ಬಳೂ ಇರಲಾರಳು. ಆ ವಾಕ್ಯಕ್ಕೆ ಪರೀಕ್ಷೆಯಲ್ಲಿ ಅಂಕವೇನೋ ದೊರೆಯುವುದು. ಆದರೆ ಅದರೊಳಗಿನ ಪ್ರಶ್ನೆಯು ಹಾಗೆಯೇ ಉಳಿಯುವುದು. ರಾಜನೂ ಮಂತ್ರಿಗಳೂ ಕೋಟೆಕೊತ್ತಲಗಳೂ ಇದ್ದ ಒಂದು ರಾಜ್ಯವು ಒಬ್ಬ ಸೇನಾನಿಯ ಕೈಗೆ ಹೇಗೆ ಸೇರಿತು? ಈ ಕಥೆಯ ಹಲವು ಭಾಗಗಳು ನಮ್ಮ ದೇವನಹಳ್ಳಿ, ದೊಡ್ಡಬಳ್ಳಾಪುರ, ಹೊಸಕೋಟೆಗಳಲ್ಲಿಯೇ ನಡೆದುವಾದ್ದರಿಂದ ಅದನ್ನು ಹಳೆಯ ವಿದ್ಯಾರ್ಥಿನಿಯರೊಡನೆಯೂ ಪೋಷಕರೊಡನೆಯೂ ಇಲ್ಲಿ ಮತ್ತೊಮ್ಮೆ ವಿಚಾರಮಾಡಬಯಸುವೆವು. ಹೈದರನನ್ನು ಹೊಗಳುವುದಾಗಲಿ ಹಳಿಯುವುದಾಗಲಿ ನಮ್ಮ ಉದ್ದೇಶವಲ್ಲ. ಓದುಬರಹಗಳನ್ನರಿಯದಿದ್ದರೂ ಅವನು ಅಸಾಧಾರಣ ಧೈರ್ಯಶಾಲಿಯೂ ಜ್ಞಾಪಕಶಕ್ತಿಯುಳ್ಳವನೂ ಆಗಿದ್ದನು. ಅಧಿಕಾರವು ಕೈ ಬದಲಾಯಿಸಿದ ಬಗೆಯೇ ನಮ್ಮ ಪಾಠದ ವಿಷಯ.

ಮೊದಲ ಬಿರುಕು

ಮೈಸೂರಿನ ಸಿಂಹಾಸನವು ಹೈದರನಿಗಿಂತ ಮೊದಲೇ ಬರಿದಾಗಿತ್ತೆಂಬುದನ್ನು ಮೊದಲು ತಿಳಿಯಬೇಕು. 1734ರಲ್ಲಿ ಕಳಲೆಯ ಮನೆತನದ ದಳವಾಯಿ ದೇವರಾಜಯ್ಯನೂ ಅವನ ಬಳಗದವರೂ ಚಾಮರಾಜ ಒಡೆಯರನ್ನು ಪಟ್ಟದಿಂದಿಳಿಸಿ ಕಬ್ಬಾಳದುರ್ಗಕ್ಕೆ ಕಳುಹಿಸಿದರು. ಬಾಲಕನಾಗಿದ್ದ ಇಮ್ಮಡಿ ಕೃಷ್ಣರಾಜ ಒಡೆಯರಿಗೆ ಪಟ್ಟವಾಯಿತು. ದಂಡು ದೇವರಾಜಯ್ಯನಲ್ಲಿಯೂ, ಕಂದಾಯವು ಕಾಲಾನಂತರದಲ್ಲಿ ಅವನ ತಮ್ಮ ಸರ್ವಾಧಿಕಾರಿ ನಂಜರಾಜಯ್ಯನಲ್ಲಿಯೂ ನಿಂತುವು. ರಾಜನು ಪ್ರಾಯಕ್ಕೆ ಬಂದು ತನ್ನ ಅಧಿಕಾರವನ್ನು ಬಯಸಿದಾಗ, ನಂಜರಾಜಯ್ಯನು ಅರಮನೆಯ ಬಾಗಿಲನ್ನೇ ಒಡೆಯಿಸಿ, ರಾಜನ ಪಕ್ಷದವರನ್ನು ಅವನ ಕಣ್ಣೆದುರಿಗೇ ಶಿಕ್ಷಿಸಿದನು. ಹೆಸರು ಒಬ್ಬನದು, ಬಲ ಇನ್ನೊಬ್ಬನದು ಎಂಬ ರೂಢಿಗೆ ಪ್ರಜೆಗಳು ಒಂದು ತಲೆಮಾರಿನಷ್ಟು ಕಾಲ ಒಗ್ಗಿಹೋದರು. ಮುಂದೆ ಬಂದವನು ಆ ರೂಢಿಯನ್ನು ಹೊಸದಾಗಿ ಕಲಿಸಬೇಕಾಗಿರಲಿಲ್ಲ.

ದೇವನಹಳ್ಳಿಯ ಸವಾರ

ಹೈದರನ ತಂದೆ ಫತೇ ಮಹಮ್ಮದನು ಸಿರಾ ಸುಬೇದಾರರ ಸೇವೆಯಲ್ಲಿದ್ದು ಯುದ್ಧದಲ್ಲಿ ಮಡಿದನು. ಆಗ ದೊಡ್ಡಬಳ್ಳಾಪುರದ ಜಹಗೀರುದಾರನಾಗಿದ್ದ ಅಬ್ಬಾಸ್ ಕುಲಿ ಖಾನನು, ಬಾಕಿಯ ನೆಪದಿಂದ ಆ ಸಂಸಾರದ ಸೊತ್ತನ್ನು ಕಿತ್ತುಕೊಂಡು, ಚಿಕ್ಕ ಹುಡುಗರಾಗಿದ್ದ ಹೈದರನನ್ನೂ ಅವನ ಅಣ್ಣನನ್ನೂ ನಗಾರಿಯೊಳಗೆ ಕೂಡಿಸಿ ಹಿಂಸಿಸಿದನೆಂದು ಹೇಳಿಕೆಯಿದೆ.

1749ರಲ್ಲಿ ನಂಜರಾಜಯ್ಯನು ದೇವನಹಳ್ಳಿಯ ಕೋಟೆಗೆ ಮುತ್ತಿಗೆ ಹಾಕಿದಾಗ, ಅಣ್ಣನ ದಳದೊಡನೆ ಬಂದ ಹೈದರನು ಸಾಮಾನ್ಯ ಸವಾರನಾಗಿ ಕಾದಿ ಸರ್ವಾಧಿಕಾರಿಯ ಕಣ್ಣಿಗೆ ಬಿದ್ದನು. 50 ಕುದುರೆ, 200 ಕಾಲಾಳುಗಳ ಅಧಿಕಾರವೂ ಕೋಟೆಯ ಒಂದು ಬಾಗಿಲಿನ ಕಾವಲೂ ಅವನಿಗೆ ದೊರೆತುವು. ರಾಜ್ಯದ ಬಾಗಿಲನ್ನೇ ಮುಂದೆ ತೆರೆದುಕೊಂಡವನು ಹೀಗೆ ನಮ್ಮೂರ ಕೋಟೆಯ ಬಾಗಿಲು ಕಾಯುವುದರಿಂದ ಮೊದಲುಮಾಡಿದನು.

ಬರಿದಾದ ಬೊಕ್ಕಸ

ಆ ವರ್ಷಗಳಲ್ಲಿ ನಂಜರಾಜಯ್ಯನು ತಿರುಚಿರಾಪಳ್ಳಿಯನ್ನು ಪಡೆಯುವ ಆಸೆಯಿಂದ ಮೂರು ವರ್ಷ ಯುದ್ಧಮಾಡಿ ಅಪಾರ ದ್ರವ್ಯವನ್ನು ಕಳೆದು 1755ರಲ್ಲಿ ಬರಿಗೈಯಲ್ಲಿ ಮರಳಿದನು. ಅದೇ ವರ್ಷ ನಿಜಾಮನಾದ ಸಲಾಬತ್ ಜಂಗನು ಶ್ರೀರಂಗಪಟ್ಟಣಕ್ಕೆ ಬಂದು 56 ಲಕ್ಷ ರೂಪಾಯಿ ಕಪ್ಪವನ್ನು ಕೇಳಿದನು; ದೇವಾಲಯಗಳ ಆಭರಣಗಳನ್ನು ಕೊಟ್ಟರೂ ಅದು ತೀರಲಿಲ್ಲ. 1757ರಲ್ಲಿ ಪೇಶ್ವೆ ಬಾಲಾಜಿ ಬಾಜಿರಾಯನು ಬಂದು 32 ಲಕ್ಷಕ್ಕೆ ಒಪ್ಪಂದಮಾಡಿಕೊಂಡನು. ಹಲವು ತಾಲ್ಲೂಕುಗಳು ಅವನಿಗೆ ಒತ್ತೆಯಾದುವು.

ಬೊಕ್ಕಸವು ಬರಿದಾದರೆ ಮೊದಲು ಹಸಿಯುವವನು ಸಿಪಾಯಿ. 1758ರಲ್ಲಿ ಸಂಬಳ ಕಾಣದ ದಂಡು ನಂಜರಾಜಯ್ಯನ ಬಾಗಿಲಲ್ಲಿ ಧರಣಿ ಕುಳಿತಿತು. ದಿಂಡಿಗಲ್ಲಿನ ಫೌಜುದಾರನಾಗಿ ಹಣವನ್ನೂ ಜನವನ್ನೂ ಕೂಡಿಸಿದ್ದ ಹೈದರನು ಬಂದು, ಲೆಕ್ಕಗಳನ್ನು ಪರಿಶೋಧಿಸಿ, ಬಾಕಿಯನ್ನು ತೀರಿಸಿ, ದಂಗೆಯನ್ನಡಗಿಸಿದನು. ಸಿಪಾಯಿಯು ಅಂದಿನಿಂದ ಯಾರ ಮುಖವನ್ನು ನೋಡತೊಡಗಿದನೆಂಬುದನ್ನು ನಾವು ಹೇಳಬೇಕಾದುದಿಲ್ಲ. ಬೆಂಗಳೂರು ಹೈದರನಿಗೆ ಜಹಗೀರಾಯಿತು. ಮರುವರ್ಷ ಮರಾಠರನ್ನು ಹಿಂದಿರುಗಿಸಿದುದಕ್ಕೆ ‘ಫತೇ ಹೈದರ್ ಬಹದೂರ್’ ಎಂಬ ಬಿರುದೂ ಬಂದಿತು.

ಸ್ವಲ್ಪ ಕಾಲದಲ್ಲಿಯೇ ಸಂಬಳದ ಬಾಕಿಯ ಕೂಗು ಮತ್ತೆ ಎದ್ದಿತು. ಈ ಸಾರಿ ಅದನ್ನು ಎಬ್ಬಿಸಿದ ಕೈಯೇ ಬೇರೆ. ಹೈದರನೂ, ಅವನ ಕಾರ್ಯಕರ್ತನಾದ ಖಂಡೇರಾಯನೂ, ದೊಡ್ಡ ಕೃಷ್ಣರಾಜ ಒಡೆಯರ ವಿಧವೆಯಾದ ಹಿರಿಯ ರಾಣಿಯೂ ಕೂಡಿ ನಂಜರಾಜಯ್ಯನನ್ನು ತೆಗೆಯಲು ಯೋಚಿಸಿದ್ದರು. ಸರ್ವಾಧಿಕಾರಿಯು ಸಂಬಳ ಕೊಡಲಾರದೆ ಪದವಿಯನ್ನು ಬಿಟ್ಟನು. ದಂಡಿನ ವೆಚ್ಚಕ್ಕೆಂದು ಸೀಮೆಯ ಮೇಲೆ ಸೀಮೆ ಹೈದರನಿಗೆ ಸೇರಿ, ರಾಜ್ಯದ ಅರ್ಧಕ್ಕಿಂತ ಹೆಚ್ಚು ಅವನ ಕೈಯಲ್ಲಾಯಿತು. ರಾಜನನ್ನು ಒಬ್ಬ ಒಡೆಯನಿಂದ ಬಿಡಿಸಿದವನೇ ಅವನಿಗೆ ಇನ್ನೊಬ್ಬ ಒಡೆಯನಾದನು.

ಎದುರೇಟು ಮತ್ತು ಅದರ ಸೋಲು

ಅರಮನೆಗೆ ಇದು ತಿಳಿಯದೆ ಹೋಗಲಿಲ್ಲ. 1760ರ ಆಗಸ್ಟಿನಲ್ಲಿ ಹೈದರನ ಸೈನ್ಯದ ಬಹುಭಾಗವು ಫ್ರೆಂಚರ ಸಹಾಯಕ್ಕಾಗಿ ಪಾಂಡಿಚೇರಿಯ ಕಡೆಗೆ ಹೋಗಿದ್ದಿತು. ಆ ಸಮಯ ನೋಡಿ ಖಂಡೇರಾಯನು ರಾಜಪಕ್ಷಕ್ಕೆ ಸೇರಿ, ಶ್ರೀರಂಗಪಟ್ಟಣದ ಕೋಟೆಯ ಬಾಗಿಲುಗಳನ್ನು ಮುಚ್ಚಿಸಿ, ಹೈದರನ ಬಿಡಾರದ ಮೇಲೆ ಫಿರಂಗಿ ಹಾರಿಸಿದನು. ಹೈದರನು ಹೆಂಡಿರುಮಕ್ಕಳನ್ನು ಅಲ್ಲಿಯೇ ಬಿಟ್ಟು, ರಾತ್ರಿಯಲ್ಲಿ ಕೆಲವೇ ಜನರೊಡನೆ ಕಾವೇರಿಯನ್ನು ದಾಟಿ ಬೆಂಗಳೂರಿಗೆ ಓಡಿಬಂದನು. ಇಲ್ಲಿನ ಸಾಹುಕಾರರು ಅವನ ಮಾತಿನ ಮೇಲೆಯೇ ಸಾಲ ಕೊಟ್ಟರು. ರಾಜಪಕ್ಷಕ್ಕೆ ನೆರವಾಗಿ ಬಂದಿದ್ದ ಮರಾಠರ ದಂಡು, ಪಾಣಿಪತ್ತಿನ ಕದನದ ಕಾಲದಲ್ಲಿ, ಒಪ್ಪಂದಮಾಡಿಕೊಂಡು ಹೊರಟುಹೋಯಿತು. ನಂಜನಗೂಡಿನ ಹತ್ತಿರ ಸೋತರೂ, ಹೈದರನು ತಾನೇ ಕೆಳಗಿಳಿಸಿದ್ದ ನಂಜರಾಜಯ್ಯನ ಬಳಿಗೆ ಹೋಗಿ ಕ್ಷಮೆ ಬೇಡಿ ಅವನ ಬೆಂಬಲವನ್ನು ಸಂಪಾದಿಸಿದನು. ಬಳಿಕ ಅವನ ಹೆಸರಿನಲ್ಲಿ ಸುಳ್ಳು ಪತ್ರಗಳನ್ನು ಬರೆಯಿಸಿ, ಅವು ಖಂಡೇರಾಯನ ಕೈಗೇ ಬೀಳುವಂತೆ ಮಾಡಿದನು. ತನ್ನ ಸರದಾರರೇ ದ್ರೋಹಿಗಳೆಂದು ನಂಬಿ ಖಂಡೇರಾಯನು ಓಡಿದನು. 1761ರ ನಡುವಿನ ಹೊತ್ತಿಗೆ ಶ್ರೀರಂಗಪಟ್ಟಣವು ಹೈದರನದಾಯಿತು. ಖಂಡೇರಾಯನನ್ನು ಗಿಳಿಯಂತೆ ಸಾಕುವೆನೆಂದು ಅವನು ಮಾತು ಕೊಟ್ಟಿದ್ದನಂತೆ. ಕಬ್ಬಿಣದ ಪಂಜರದಲ್ಲಿರಿಸಿ, ಹಾಲು ಅನ್ನ ಕೊಡಿಸಿ ಆ ಮಾತನ್ನು ಉಳಿಸಿಕೊಂಡನು.

ಅದೇ ವರ್ಷ ಹೊಸಕೋಟೆಗೆ ಮುತ್ತಿಗೆ ಹಾಕಿದ್ದ ನಿಜಾಮನ ತಮ್ಮ ಬಸಾಲತ್ ಜಂಗನು, 3 ಲಕ್ಷ ರೂಪಾಯಿಗೆ ಪ್ರತಿಯಾಗಿ ಹೈದರನಿಗೆ ಸಿರಾದ ನವಾಬನೆಂಬ ಪದವಿಯನ್ನು ಕೊಟ್ಟನು. ಬಳಿಕ ದೊಡ್ಡಬಳ್ಳಾಪುರವೂ ಬಿದ್ದಿತು. ಅಬ್ಬಾಸ್ ಕುಲಿ ಖಾನನು ಮದ್ರಾಸಿಗೆ ಪಲಾಯನಮಾಡಿದನು.

ಉಳಿಸಿದ ಸಿಂಹಾಸನ

ಹೈದರನು ಒಡೆಯರನ್ನು ಪಟ್ಟದಿಂದ ಇಳಿಸಲಿಲ್ಲವೆಂಬುದೇ ವಿಚಾರಾರ್ಹವಾದ ಸಂಗತಿ. ದಸರೆಯಲ್ಲಿ ರಾಜನು ಎಂದಿನಂತೆ ಸಿಂಹಾಸನವನ್ನೇರುತ್ತಿದ್ದನು. ಉಳಿದ ದಿನಗಳಲ್ಲಿ ಅರಮನೆಯ ಸೆರೆಯಾಳು. 1776ರಲ್ಲಿ ಪಟ್ಟವು ಬರಿದಾದಾಗ ಹೈದರನು ಒಡೆಯರ ಬಳಗದ ಮಕ್ಕಳನ್ನು ಕರೆಯಿಸಿ, ಆಟದ ಸಾಮಾನುಗಳ ನಡುವೆ ಬಿಟ್ಟು, ಕಠಾರಿಯನ್ನು ಆರಿಸಿದ ಹುಡುಗನನ್ನು ರಾಜನನ್ನಾಗಿ ಮಾಡಿದನೆಂದು ವಿಲ್ಕ್ಸನು ತನ್ನ ಚರಿತ್ರೆಯಲ್ಲಿ ಬರೆದಿದ್ದಾನೆ. ಆ ಅರಸನು 1796ರಲ್ಲಿ ತೀರಿಕೊಂಡ ಮೇಲೆ ಟಿಪ್ಪುಸುಲ್ತಾನನು ಆ ಪಟ್ಟವನ್ನು ಯಾರಿಗೂ ಕಟ್ಟಲಿಲ್ಲ.

ಕೃಷ್ಣರಾಜ ಒಡೆಯರ ವಿಧವೆ ಲಕ್ಷ್ಮಮ್ಮಣ್ಣಿಯವರು ಈ ದೀರ್ಘಕಾಲದಲ್ಲಿ ಧೈರ್ಯಗೆಡದೆ, ತಿರುಮಲರಾಯನ ಮೂಲಕ ಇಂಗ್ಲಿಷರೊಡನೆ ಗುಟ್ಟಾಗಿ ಮಾತುಕತೆ ನಡೆಸಿ, 1799ರಲ್ಲಿ ಮೊಮ್ಮಗ ಮುಮ್ಮಡಿ ಕೃಷ್ಣರಾಜ ಒಡೆಯರ ಪಟ್ಟಾಭಿಷೇಕವನ್ನು ಕಂಡರು. ಆದರೆ ರಾಜ್ಯವನ್ನು ಕಾಯುವ ಸೈನ್ಯವು ಈಗ ಇಂಗ್ಲಿಷರದು; ಅದಕ್ಕಾಗಿ ವರ್ಷಕ್ಕೆ 7 ಲಕ್ಷ ವರಹಗಳನ್ನು ತೆರಬೇಕಾಯಿತು. ದಂಡು ಯಾರದೋ ಮಾತೂ ಅವರದೇ ಆಯಿತು.

ದೂರದೇಶದ ನಿದರ್ಶನ

ಇದು ಹಳೆಯ ಕಾಲದ ಸಂಗತಿಯೆಂದು ಯಾರೂ ಭಾವಿಸದಿರಲಿ. ಗ್ರೀಸ್ ದೇಶದಲ್ಲಿ 1967ರ ಏಪ್ರಿಲ್ 21ರ ಬೆಳಗಿನ ಜಾವ ಪಾಪಡೋಪೌಲೋಸನೇ ಮೊದಲಾದ ಸೇನಾಧಿಕಾರಿಗಳು ಅಥೆನ್ಸ್ ನಗರಕ್ಕೆ ಟ್ಯಾಂಕುಗಳನ್ನು ತಂದು ಮಂತ್ರಿಗಳನ್ನು ಸೆರೆಹಿಡಿದರು. ಮೇ 28ಕ್ಕೆ ಗೊತ್ತಾಗಿದ್ದ ಚುನಾವಣೆಯು ನಿಂತುಹೋಯಿತು. ಅವರೂ ಮೊದಲು ರಾಜನನ್ನು ತೆಗೆಯಲಿಲ್ಲ. ಅವನ ಮುಂದೆಯೇ ಪ್ರಮಾಣವಚನ ಸ್ವೀಕರಿಸಿದರು. ದೊರೆ ಕಾನ್‌ಸ್ಟಂಟೈನನು ಡಿಸೆಂಬರ್ 13ರಂದು ಅವರಿಗೆ ಎದುರೇಟು ಕೊಡಲು ಹೋಗಿ, ಸೋತು, ರೋಮಿಗೆ ಓಡಿದನು. ಆ ಸೈನಿಕಾಡಳಿತವು 1974ರವರೆಗೆ ನಡೆಯಿತು. ಕಾಲದೇಶಗಳು ಎಷ್ಟು ಬೇರೆಯಾದರೂ ಹೆಜ್ಜೆಗಳು ಒಂದೇ: ಹೆಸರನ್ನು ಉಳಿಸಿ ಬಲವನ್ನು ಒಯ್ಯುವುದು, ತಡವಾಗಿ ಬಂದ ಎದುರೇಟನ್ನು ಮುರಿಯುವುದು.

ಪಾಠದ ಸಾರ

ಅಧಿಕಾರವು ಒಂದೇ ರಾತ್ರಿಯಲ್ಲಿ ಅಪಹೃತವಾಗುವುದಿಲ್ಲ. ಮೈಸೂರಿನಲ್ಲಿ ಅದು 1734ರಲ್ಲಿಯೇ ಸಡಿಲವಾಯಿತು; ಸಂಬಳದ ಬಾಕಿಯಲ್ಲಿ ಜಾರಿತು; 1761ರಲ್ಲಿ ಬೇರೊಬ್ಬನ ಕೈಗೆ ಬಿದ್ದಿತು. ಆದುದರಿಂದಲೇ ನಮ್ಮ ಸಂವಿಧಾನವು ಸೇನೆಯ ಪರಮಾಧಿಕಾರವನ್ನು ರಾಷ್ಟ್ರಪತಿಯಲ್ಲಿರಿಸಿ, ಅದನ್ನು ಕಾನೂನಿನಂತೆ ನಡೆಸಬೇಕೆಂದಿದೆ. ಪಾರ್ಲಿಮೆಂಟಿನ ಒಪ್ಪಿಗೆಯಿಲ್ಲದೆ ರಾಷ್ಟ್ರದ ನಿಧಿಯಿಂದ ಹಣವನ್ನು ತೆಗೆಯಕೂಡದೆಂದು ವಿಧಿಸಿದೆ. ಸಿಪಾಯಿಯು ಸಂಬಳಕ್ಕಾಗಿ ಯಾವ ಸೇನಾಪತಿಯ ಮುಖವನ್ನೂ ನೋಡಬೇಕಾಗಿಲ್ಲ. ಆಯವ್ಯಯದ ಚರ್ಚೆಯು ಬೇಸರದ ವಿಷಯವೆಂದು ನಮ್ಮ ಹುಡುಗಿಯರು ಹೇಳುವುದುಂಟು. ಹೇಳುವವರಿಗೆ ದೇವನಹಳ್ಳಿಯ ಕೋಟೆಬಾಗಿಲನ್ನು ತೋರಿಸಿ, ಅಲ್ಲಿ ಕಾವಲಿದ್ದವನ ಕಥೆಯನ್ನು ತಾಯಂದಿರು ಒಮ್ಮೆ ಹೇಳಲೆಂಬುದು ನಮ್ಮ ಪ್ರಾರ್ಥನೆ. ಲೆಕ್ಕವನ್ನು ಕೇಳುವ ಅಭ್ಯಾಸವು ಮನೆಯಲ್ಲಿ ಬೆಳೆದರೆ ರಾಜ್ಯದಲ್ಲಿಯೂ ಉಳಿಯುವುದು.